ಮನೆಯಲ್ಲೇ ಕಾರು ಚಾರ್ಜ್ ಮಾಡಲು ಯಾರ ಅನುಮತಿ ಬೇಕು?

ಪ್ರಶ್ನೆ: ನಾನು ಹರಿಹರದಲ್ಲಿ ಹೈಸ್ಕೂಲ್ ಮೇಷ್ಟ್ರು. ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಇಬ್ಬರಿಗೂ ಬೇರೆ ಬೇರೆ ಮೀಟರ್. ಒಂದು ವರ್ಷದಿಂದ ಎಲೆಕ್ಟ್ರಿಕ್ ಸ್ಕೂಟರ್ ಇದೆ, ವರಾಂಡದ ಪ್ಲಗ್‌ನಲ್ಲೇ ಚಾರ್ಜ್ ಮಾಡುತ್ತೇವೆ. ಈಗ 24 ಕಿಲೋವ್ಯಾಟ್-ಅವರ್ ಬ್ಯಾಟರಿಯ ಸಣ್ಣ ಕಾರು ಬುಕ್ ಮಾಡಿದ್ದೇನೆ. ಶೋರೂಮಿನವರು "7.2 ಕಿಲೋವ್ಯಾಟ್ ಚಾರ್ಜರ್ ಹಾಕಿಸಿ" ಅನ್ನುತ್ತಾರೆ. ನಮ್ಮ ಎಲೆಕ್ಟ್ರಿಷಿಯನ್ "ಬೇರೆ ಮೀಟರ್ ಇಲ್ಲದೆ ಆಗೋದೇ ಇಲ್ಲ" ಅನ್ನುತ್ತಾನೆ. ಪಕ್ಕದ ಮನೆಯವರು ಪಾಲಿಕೆ ಅನುಮತಿ ಬೇಕು ಅಂತ ಹೆದರಿಸುತ್ತಾರೆ. ಬಿಲ್‌ನಲ್ಲಿ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಅಂತಿದೆ. ಗೃಹಜ್ಯೋತಿ ಸಿಗುತ್ತಿದೆ. ನಮ್ಮ ಮಿತಿ 126 ಯೂನಿಟ್, ಬಳಕೆ 120ರ ಹತ್ತಿರ. ಇನ್ನೊಂದು ವಿಷಯ: ಹೊಳಲ್ಕೆರೆ ಹತ್ತಿರ ಅಡಿಕೆ ತೋಟ ಇದೆ. ಅಲ್ಲಿ ಪಂಪ್‌ಸೆಟ್ ಲೈನಿನಿಂದ ಕಾರು ಚಾರ್ಜ್ ಮಾಡಬಹುದಾ?

ಉತ್ತರ: ಮೇಷ್ಟ್ರೇ, ಮೂವರೂ ನಿಮಗೆ ಒಳ್ಳೆಯದನ್ನೇ ಹೇಳಿದ್ದಾರೆ, ಆದರೆ ಯಾರೂ ನಿಮ್ಮ ಬಿಲ್ ನೋಡಿ ಹೇಳಿಲ್ಲ. ನೀವು ಬರೆದಿರುವ ಮೂರು ಅಂಕಿಗಳಲ್ಲೇ ಉತ್ತರ ಇದೆ: 3 ಕಿಲೋವ್ಯಾಟ್, 126 ಯೂನಿಟ್, 120 ಯೂನಿಟ್. ಅಲ್ಲಿಗೆ ಬರುತ್ತೇನೆ. ಮೊದಲು ಅನುಮತಿಯ ಭಯ ಕಳೆಯೋಣ.

ಮನೆಯಲ್ಲಿ ನಿಮ್ಮ ಗಾಡಿಗೆ ನೀವು ಕರೆಂಟ್ ಹಾಕಿಕೊಳ್ಳಲು ಯಾರ ಲೈಸೆನ್ಸೂ ಬೇಕಿಲ್ಲ. 2018ರ ಏಪ್ರಿಲ್‌ನಲ್ಲೇ ಕೇಂದ್ರ ಇಂಧನ ಸಚಿವಾಲಯ ಇದನ್ನು ಸ್ಪಷ್ಟಪಡಿಸಿತು. ಗಾಡಿಯ ಬ್ಯಾಟರಿ ಚಾರ್ಜ್ ಮಾಡುವುದು ವಿದ್ಯುತ್ ಮಾರಾಟ ಅಲ್ಲ, ಅದೊಂದು ಸೇವೆ ಅಂತ. ರಸ್ತೆ ಬದಿ ಚಾರ್ಜಿಂಗ್ ಸ್ಟೇಷನ್ ಇಡುವವರಿಗೇ ಲೈಸೆನ್ಸ್ ಬೇಡ ಅಂದ ಮೇಲೆ ನಿಮ್ಮ ಪೋರ್ಟಿಕೋಗೆ ಯಾಕೆ ಬೇಕು ಅಲ್ವಾ? ಆ ವರ್ಷದ ಡಿಸೆಂಬರ್‌ನಲ್ಲಿ ಮಾರ್ಗಸೂಚಿ ಬಂತು, ಆಮೇಲೆ ಹಲವು ಸಲ ಬದಲಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಬಂತು. ಮನೆಯಲ್ಲಿರುವ ಕನೆಕ್ಷನ್‌ನಿಂದಲೇ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅನ್ನುವುದು ಅದರಲ್ಲೂ ಇದೆ.

ಪಾಲಿಕೆಯ ವಿಷಯ. ನಿಮ್ಮ ಪಕ್ಕದ ಮನೆಯವರು ಬಹುಶಃ ಕಟ್ಟಡದ ನಿಯಮ ಕೇಳಿರಬೇಕು. 2019ರಲ್ಲಿ ಕೇಂದ್ರದ ಮಾದರಿ ಕಟ್ಟಡ ಉಪವಿಧಿಗಳಿಗೆ ಒಂದು ತಿದ್ದುಪಡಿ ಆಯಿತು. ಪಾರ್ಕಿಂಗ್ ಜಾಗದಲ್ಲಿ ಶೇ 20ರಷ್ಟು ಎಲೆಕ್ಟ್ರಿಕ್ ಗಾಡಿಗೆ ಅನುಕೂಲ ಇರಬೇಕು ಅಂತ. ಅದು ಅಪಾರ್ಟ್‌ಮೆಂಟ್, ಮಾಲ್, ಆಫೀಸ್ ಕಟ್ಟುವವರ ತಲೆನೋವು. ಪ್ರತ್ಯೇಕ ಮನೆಗಳನ್ನು ಅದರಿಂದ ಬಿಟ್ಟಿದ್ದಾರೆ. ನಿಮ್ಮ ಕಾಂಪೌಂಡ್ ಒಳಗೆ ಗೋಡೆಗೆ ಒಂದು ಡಬ್ಬಿ ಕೂರಿಸಲು ಪಾಲಿಕೆಗೆ ಹೋಗಬೇಕಿಲ್ಲ. ಆದರೆ ಕಾಂಪೌಂಡ್ ಹೊರಗೆ, ಚರಂಡಿ ಕಲ್ಲಿನ ಮೇಲೆ, ಫುಟ್‌ಪಾತ್ ಮೇಲೆ ಸ್ಟ್ಯಾಂಡ್ ನೆಟ್ಟರೆ ಅದು ಪಾಲಿಕೆಯ ಜಾಗ. ಚೌಕಿಪೇಟೆ, ಮಂಡಿಪೇಟೆ ಕಡೆ ಹಳೇ ಮನೆಗಳಲ್ಲಿ ಈ ಆಸೆ ಜಾಸ್ತಿ, ಗಾಡಿ ನಿಲ್ಲಿಸೋಕೆ ಒಳಗೆ ಜಾಗ ಇರುವುದಿಲ್ಲವಲ್ಲ. ಕಿಟಕಿಯಿಂದ ವೈರ್ ಇಳಿಬಿಟ್ಟು ರಸ್ತೆಯಲ್ಲಿ ನಿಂತ ಸ್ಕೂಟರ್‌ಗೆ ಚುಚ್ಚಿರುವುದನ್ನು ನಾನೇ ನೋಡಿದ್ದೇನೆ. ಯಾರೋ ಮಗು ಎಡವುವ ತನಕ ಅದು ಜಾಣತನ ಅನ್ನಿಸುತ್ತದೆ. ಅಂಥವರು ಬ್ಯಾಟರಿ ಬಿಚ್ಚಿ ಒಳಗೆ ತರುವಂಥ ಸ್ಕೂಟರ್ ತಗೊಳ್ಳುವುದೇ ಸರಿ. ನಿಮಗೆ ಪೋರ್ಟಿಕೋ ಇದೆ, ಈ ಗೋಳಿಲ್ಲ.

ಈಗ 3 ಕಿಲೋವ್ಯಾಟ್. ಇದೇ ನಿಜವಾದ ನಿಯಮ. ನೀವು ಇಷ್ಟು ಲೋಡ್ ಎಳೆಯುತ್ತೀರಿ ಅಂತ ಬೆಸ್ಕಾಂ ಜೊತೆ ಮಾಡಿಕೊಂಡ ಒಪ್ಪಂದ ಅದು. (ಊರಲ್ಲಿ ಇನ್ನೂ ಎಲ್ಲರೂ ಕೆಇಬಿ ಅಂತಲೇ ಕರೆಯುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಬೆಸ್ಕಾಂಗೇ ಸೇರಿವೆ.) ಕಂಬದಿಂದ ನಿಮ್ಮ ಮನೆಗೆ ಬಂದ ವೈರ್, ಬೀದಿ ಕೊನೆಯ ಟ್ರಾನ್ಸ್‌ಫಾರ್ಮರ್, ಎಲ್ಲವನ್ನೂ ಆ ಲೆಕ್ಕದ ಮೇಲೆ ಹಾಕಿರುತ್ತಾರೆ. ಟ್ರಾನ್ಸ್‌ಫಾರ್ಮರ್ ನಿಮ್ಮೊಬ್ಬರದಲ್ಲ, ಬೀದಿಯವರದು. 63 ಅಥವಾ 100 ಕೆವಿಎ ಟ್ರಾನ್ಸ್‌ಫಾರ್ಮರ್ ಕೆಳಗೆ ಹತ್ತು ಮನೆಯವರು ಹೇಳದೆ ಕೇಳದೆ ದೊಡ್ಡ ಚಾರ್ಜರ್ ಹಾಕಿಕೊಂಡರೆ ಏನಾಗುತ್ತದೆ? ಏಪ್ರಿಲ್ ತಿಂಗಳ ರಾತ್ರಿ, ಎಲ್ಲರ ಮನೆಯ ಏಸಿ ಓಡುವ ಹೊತ್ತಿಗೆ, ಇಡೀ ಬೀದಿ ಕತ್ತಲಾಗುತ್ತದೆ.

ನಿಮ್ಮ ಕಾರನ್ನು ಸಾಮಾನ್ಯ 15 ಆಂಪ್ ಪ್ಲಗ್‌ಗೆ ಹಾಕಿದರೂ ಅದೊಂದೇ 3 ಕಿಲೋವ್ಯಾಟ್ ಮೇಲೆ ಎಳೆಯುತ್ತದೆ. ಮಂಜೂರಾದ ಲೋಡ್ ಪೂರ್ತಿ ಕಾರೇ ತಿಂದಂತೆ. ಗೀಜರ್ 2 ಕಿಲೋವ್ಯಾಟ್, ಒಂದು ಹೆಚ್‌ಪಿ ಮೋಟಾರ್ ಮುಕ್ಕಾಲು ಕಿಲೋವ್ಯಾಟ್, ಜೊತೆಗೆ ಫ್ರಿಜ್, ಮಿಕ್ಸಿ, ಸ್ಕೂಟರ್. ಹೀಗಾಗಿ ಕಾರು ಬರುವ ಮುಂಚೆ ಲೋಡ್ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಕಾರಿಗೆ ಬೇರೆ ಕನೆಕ್ಷನ್ ತಗೊಳ್ಳಬೇಕು. ಎಲೆಕ್ಟ್ರಿಷಿಯನ್ ಎರಡನೆಯದನ್ನೇ ನಿಯಮ ಅಂದುಬಿಟ್ಟ. ಅದು ನಿಯಮವಲ್ಲ, ನಿಮ್ಮ ಆಯ್ಕೆ. ಆದರೆ ನಿಮ್ಮ ವಿಷಯದಲ್ಲಿ ಅವನ ಸಲಹೆಯೇ ಲಾಭ. ಕಾರಣ ಅವನು ಹೇಳಿದ್ದಲ್ಲ, ಗೃಹಜ್ಯೋತಿ.

ಅದಕ್ಕೆ ಮುಂಚೆ ಶೋರೂಮಿನ ಮಾತು. ಗೋಡೆಗೆ ಹಾಕುವ ಡಬ್ಬಿಯನ್ನು ಎಲ್ಲರೂ ಚಾರ್ಜರ್ ಅನ್ನುತ್ತೇವೆ. ನಿಜವಾದ ಚಾರ್ಜರ್ ಕಾರಿನ ಒಳಗಿದೆ. ಡಬ್ಬಿ ಮನೆಯ ಎಸಿ ಕರೆಂಟನ್ನು ಹುಷಾರಾಗಿ ಕಾರಿಗೆ ದಾಟಿಸುತ್ತದೆ, ಅಷ್ಟೇ. ಅದನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬುವುದು ಕಾರಿನೊಳಗಿನ ಚಾರ್ಜರ್. ನಿಮ್ಮ ಮಾಡೆಲ್‌ನಲ್ಲಿ ಅದು 3.3 ಕಿಲೋವ್ಯಾಟಿನದ್ದಾದರೆ ಗೋಡೆಗೆ 7.2ರ ಡಬ್ಬಿ ಹಾಕಿಸಿಯೂ ಪ್ರಯೋಜನವಿಲ್ಲ, ಅದು 3.3ರಷ್ಟೇ ಕುಡಿಯುತ್ತದೆ. ಬುಕಿಂಗ್ ಕಾಗದದಲ್ಲಿ ಇದನ್ನು ಮೊದಲು ನೋಡಿ. 7.2 ಇದ್ದರೂ ನಿಮಗೆ ಬೇಕಾ ಅನ್ನುವುದು ಬೇರೆ ಪ್ರಶ್ನೆ. ಹರಿಹರಕ್ಕೆ ಹೋಗಿಬರಲು 30 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಅದಕ್ಕೆ ನಾಲ್ಕೈದು ಯೂನಿಟ್ ಸಾಕು. 15 ಆಂಪ್ ಪ್ಲಗ್‌ನಲ್ಲಿ ಒಂದೂವರೆ ಗಂಟೆ. ಪೂರ್ತಿ ಖಾಲಿಯಾದ ಬ್ಯಾಟರಿ ತುಂಬಲು ಎಂಟೊಂಬತ್ತು ಗಂಟೆ ಬೇಕು ನಿಜ, ಆದರೆ ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಏಳಕ್ಕೆ ಮುಗಿದಿರುತ್ತದೆ. ನೀವು ಮಲಗಿರುವಾಗ ಅದು ಬೇಗ ಮುಗಿದು ಏನು ಮಾಡಬೇಕು?

7.2ರ ಡಬ್ಬಿ 32 ಆಂಪ್ ಎಳೆಯುತ್ತದೆ. ಮನೆಯ ಲೋಡ್ ಸೇರಿದರೆ 10 ಕಿಲೋವ್ಯಾಟ್ ದಾಟುತ್ತದೆ. ಅಷ್ಟಕ್ಕೆ ಮೂರು ಫೇಸ್ ಕನೆಕ್ಷನ್ ಬೇಕು, ಸರ್ವಿಸ್ ವೈರ್ ಬದಲಾಗಬೇಕು, ಠೇವಣಿ ಕಟ್ಟಬೇಕು. ಮನೆಯ ನಿಗದಿತ ಶುಲ್ಕವೂ ಕಿಲೋವ್ಯಾಟ್ ಲೆಕ್ಕದಲ್ಲೇ ಬರುತ್ತದೆ, ಒಂದೊಂದಕ್ಕೂ ತಿಂಗಳಿಗೆ ನೂರು ರೂಪಾಯಿಗೂ ಜಾಸ್ತಿ. ಕಾರು ಓಡಲಿ ಬಿಡಲಿ, ಅದು ಕಟ್ಟಲೇಬೇಕು. ತಮಾಷೆ ಅಂದರೆ ಮೂರು ಫೇಸ್ ಬಂದ ಮೇಲೂ 7.2ರ ಡಬ್ಬಿ ಒಂದೇ ಫೇಸ್ ಮೇಲೆ ಕೂರುತ್ತದೆ. ಅದನ್ನು ಲೆಕ್ಕ ಹಾಕದೆ ಜೋಡಿಸಿದರೆ ಆ ಫೇಸ್‌ನಲ್ಲಿರುವ ರೂಮುಗಳ ಲೈಟ್ ಮಂಕಾಗುತ್ತದೆ. ದಿನಕ್ಕೆ ನೂರಿಪ್ಪತ್ತು ಕಿಲೋಮೀಟರ್ ಓಡಿಸುವ ಡಾಕ್ಟರಿಗೋ ವ್ಯಾಪಾರಿಗೋ ಅದು ಸರಿ. ನಿಮಗೆ ಬೇಡ. ಆ ದುಡ್ಡನ್ನು ಅರ್ಥಿಂಗ್‌ಗೆ ಹಾಕಿ.

ಗೃಹಜ್ಯೋತಿ ಲೆಕ್ಕ ಹೀಗಿದೆ. 2022-23ರಲ್ಲಿ ನಿಮ್ಮ ಸರಾಸರಿ ಬಳಕೆ ಎಷ್ಟಿತ್ತೋ ಅದರ ಮೇಲೆ ಶೇ 10 ಸೇರಿಸಿ ನಿಮ್ಮ ಮಿತಿ ಮಾಡಿದ್ದಾರೆ. ಅದರಿಂದ 126 ಬಂದಿದೆ. ಮಿತಿಯೊಳಗಿದ್ದರೆ ಬಿಲ್ ಸೊನ್ನೆ. 126 ದಾಟಿ 200ರೊಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. ಮೊದಲ ಯೂನಿಟ್‌ನಿಂದ, ನಿಗದಿತ ಶುಲ್ಕ ಸಮೇತ. ಮಿತಿ ಲೆಕ್ಕ ಹಾಕಿದಾಗ ನಿಮ್ಮ ಹತ್ತಿರ ಸ್ಕೂಟರ್ ಇರಲಿಲ್ಲ. ಈಗಾಗಲೇ ಸ್ಕೂಟರ್ ಆ ಜಾಗ ತುಂಬಿಬಿಟ್ಟಿದೆ.

ಕಾರು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುತ್ತದೆ ಅನ್ನಿ. ಗೋಡೆಯಿಂದ ಎಳೆದ ಯೂನಿಟ್‌ಗೆ ಏಳು ಕಿಲೋಮೀಟರ್ ಅಂತ ಹಿಡಿದರೆ ಸುಮಾರು 140 ಯೂನಿಟ್. ಮನೆಯ 120 ಸೇರಿ 260. ಅಂದರೆ 200 ದಾಟಿತು. ಯೂನಿಟ್ ದರ ಆರು ರೂಪಾಯಿ ಆಸುಪಾಸು ಇದೆ, ತೆರಿಗೆ ಸರ್‌ಚಾರ್ಜ್ ಎಲ್ಲ ಸೇರಿ ಏಳು ಅಂತ ಇಟ್ಟುಕೊಳ್ಳಿ. 1,800 ರೂಪಾಯಿ ಆಯಿತು. ಲೋಡ್ ಅನ್ನು 5 ಕಿಲೋವ್ಯಾಟ್‌ಗೆ ಏರಿಸಿದ್ದರೆ ನಿಗದಿತ ಶುಲ್ಕ ಐನೂರು ದಾಟುತ್ತದೆ. ಇದರಲ್ಲಿ ಕಾರಿನ ಕರೆಂಟ್ ಸಾವಿರದಷ್ಟು. ಉಳಿದದ್ದು ನಿಮ್ಮ ಫ್ಯಾನು, ಫ್ರಿಜ್ಜು, ಗೀಜರಿನದು. ಇಲ್ಲಿಯ ತನಕ ಸೊನ್ನೆಯಿದ್ದದ್ದು.

ಕಾರಿಗೇ ಬೇರೆ ಮೀಟರ್ ಇದ್ದರೆ ಮನೆಯ ಮೀಟರ್ 120ರಲ್ಲೇ ನಿಲ್ಲುತ್ತದೆ, ಬಿಲ್ ಸೊನ್ನೆಯಾಗಿಯೇ ಉಳಿಯುತ್ತದೆ. ಮನೆಯ ಲೋಡ್ ಕೂಡ ಮುಟ್ಟಬೇಕಿಲ್ಲ. ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್‌ಗೆ ಕೆಇಆರ್‌ಸಿ (ಕರೆಂಟ್ ದರ ನಿಗದಿ ಮಾಡುವ ರಾಜ್ಯದ ಆಯೋಗ) ಎಲ್‌ಟಿ-6(ಸಿ) ಅಂತ ಬೇರೆ ದರ ವರ್ಗವನ್ನೇ ಇಟ್ಟಿದೆ. ಅದಕ್ಕೂ ನಿಗದಿತ ಶುಲ್ಕ ಇದೆ, ಅರ್ಜಿ ಹಾಕುವಾಗಲೇ ಆ ವರ್ಷದ ದರಪಟ್ಟಿ ಕೇಳಿ ನೋಡಿ. ಹೊಸ ಕಾರಿನ ಮೀಟರಿಗೆ ಗೃಹಜ್ಯೋತಿ ಸಿಗುವುದಿಲ್ಲ, ಆ ಆಸೆ ಬೇಡ.

ಆದರೆ ಕಾರು ಬಂದ ಮೇಲೂ ನೀವು ಹರಿಹರಕ್ಕೆ ಬಸ್ಸಿನಲ್ಲೇ ಹೋಗಿ, ಭಾನುವಾರ ಮಾತ್ರ ಕಾರು ತೆಗೆಯುವವರಾದರೆ? 200ರಿಂದ 120 ಕಳೆದರೆ 80 ಯೂನಿಟ್ ಜಾಗ ಉಳಿಯಿತು. ಐನೂರು ಕಿಲೋಮೀಟರಿಗೆ ಅದು ಸಾಕು. ಆಗ 126ರ ಮೇಲಿನ ಯೂನಿಟ್‌ಗಳಿಗೆ ಮಾತ್ರ ದುಡ್ಡು, ಐನೂರು ರೂಪಾಯಿಯೊಳಗೇ ಮುಗಿಯುತ್ತದೆ. ಅಂಥವರು ಮನೆಯ ಲೋಡನ್ನೇ ಹೆಚ್ಚಿಸಿಕೊಂಡು ಸುಮ್ಮನಿರಬಹುದು. ಬೇಸಿಗೆ ತಿಂಗಳಲ್ಲಿ ಮಾತ್ರ ಹುಷಾರು. ಕೂಲರ್ ಓಡಿ 195 ಆಗಬೇಕಾದ್ದು 205 ಆದರೆ ಹತ್ತು ಯೂನಿಟ್ ಹೋಗಿ ಪೂರ್ತಿ ಬಿಲ್ಲಿಗೆ ಬರುತ್ತದೆ. ಇಪ್ಪತ್ತನೇ ದಿನ ಒಮ್ಮೆ ಮೀಟರ್ ನೋಡುವ ಅಭ್ಯಾಸ ಇಟ್ಟುಕೊಂಡರೆ ಒಳ್ಳೆಯದು.

ಬೇರೆ ಮೀಟರ್ ಕೇಳುವುದು ನಿಮ್ಮ ಹಕ್ಕು. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರುವರಿಯಲ್ಲಿ ಆದ ತಿದ್ದುಪಡಿಯಲ್ಲಿ ಎಲೆಕ್ಟ್ರಿಕ್ ಗಾಡಿ ಚಾರ್ಜಿಂಗ್‌ಗೆ ಪ್ರತ್ಯೇಕ ಕನೆಕ್ಷನ್ ಕೇಳಬಹುದು ಅಂತ ಬರೆದಿದ್ದಾರೆ. ಅದೇ ತಿದ್ದುಪಡಿ ಹೊಸ ಕನೆಕ್ಷನ್‌ಗೆ ಕಾಲ ಮಿತಿಯನ್ನೂ ಇಳಿಸಿತು. ನಮ್ಮಂಥ ಊರುಗಳಿಗೆ 15 ದಿನ ಇದ್ದದ್ದು 7 ದಿನ, ಹಳ್ಳಿಗೆ 30 ಇದ್ದದ್ದು 15. ದಿನ ಎಣಿಸುವುದು ಪೂರ್ತಿ ಅರ್ಜಿ ಕೊಟ್ಟ ಮೇಲಿಂದ. ಅರ್ಧ ಅರ್ಜಿ ಕೊಟ್ಟು ಗೊಣಗಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕ ಹೋಗಿ. ವೈರಿಂಗ್ ಮುಗಿದ ಮೇಲೆ ಟೆಸ್ಟ್ ರಿಪೋರ್ಟಿಗೆ ಸಹಿ ಹಾಕಬೇಕಾದವರು ಅವರೇ. ನಿಮ್ಮ ಆರ್‌ಆರ್ ನಂಬರ್, ಮನೆ ಕಂದಾಯದ ರಸೀದಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ.

ಈಗ ವೈರಿಂಗ್. ಇಲ್ಲಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ತಡೆದುಕೊಳ್ಳಿ.

ಗೀಜರ್‌ಗೂ 15 ಆಂಪ್ ಪ್ಲಗ್, ಕಾರಿಗೂ 15 ಆಂಪ್ ಪ್ಲಗ್, ಹಾಗಾದರೆ ಬಾತ್‌ರೂಮಿನದಕ್ಕೇ ಜೋಡಿಸಿದರೆ ಏನು ಅಂತ ತುಂಬಾ ಜನ ಕೇಳುತ್ತಾರೆ. ಗೀಜರ್ ಹದಿನೈದು ನಿಮಿಷ ಓಡಿ ಆರುತ್ತದೆ. ಕಾರು ಎಂಟು ಗಂಟೆ ಬಿಡದೆ ಎಳೆಯುತ್ತದೆ. ಒಂದು ದೋಸೆಗೆ ಕಲ್ಲು ಕಾಯಿಸುವುದು ಬೇರೆ, ಮಂಡಕ್ಕಿ ಭಟ್ಟಿ ಇಡೀ ರಾತ್ರಿ ಉರಿಯುವುದು ಬೇರೆ. ಸಡಿಲವಾದ ಒಂದು ಸ್ಕ್ರೂ, ತೆಳುವಾದ ಒಂದು ವೈರ್, ಹದಿನೈದು ನಿಮಿಷದಲ್ಲಿ ತಪ್ಪಿಸಿಕೊಳ್ಳುತ್ತದೆ. ಎಂಟು ಗಂಟೆಯಲ್ಲಿ ಸಿಕ್ಕಿಬೀಳುತ್ತದೆ. ಈ ಪಾಠ ನಾನು ನನ್ನ ಮನೆಯಲ್ಲೇ ಕಲಿತೆ. ಇಪ್ಪತ್ತೈದು ವರ್ಷ ವೈರಿಂಗ್ ಮಾಡಿಸಿದವನು, ನನ್ನ ಸ್ಕೂಟರಿಗೆ ಮಾತ್ರ ಬೋರ್ ಮೋಟಾರಿನ ಹಳೇ ಪಾಯಿಂಟ್ ಸಾಕು ಅಂದುಕೊಂಡೆ. ಒಂದು ಬೆಳಿಗ್ಗೆ ಸುಟ್ಟ ವಾಸನೆ ಬಂತು. ಪ್ಲಗ್ ಟಾಪ್ ಸಾಕೆಟ್‌ಗೆ ಅಂಟಿಕೊಂಡು ಕರಗಿತ್ತು. ಮನೆಯವಳು ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವಾಯಿತು.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲಿ ಚಾರ್ಜಿಂಗ್‌ಗೆಂದೇ ಒಂದು ಭಾಗ 2019ರಲ್ಲಿ ಸೇರಿತು, 2023ರ ಹೊಸ ನಿಯಮಗಳಲ್ಲೂ ಉಳಿದಿದೆ. ಚಾರ್ಜಿಂಗ್ ಸ್ಟೇಷನ್‌ಗೆ ಅಂತ ಬರೆದದ್ದು, ಮನೆಗೂ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಸಾಕೆಟ್ ನೆಲದಿಂದ ಕನಿಷ್ಠ 800 ಮಿಲಿಮೀಟರ್ ಮೇಲಿರಬೇಕು, ಅಂದರೆ ಸೊಂಟದ ಹತ್ತಿರ. ಮಳೆ ನೀರು, ಪೋರ್ಟಿಕೋ ತೊಳೆಯುವ ನೀರು ತಾಗಬಾರದು. ಚಾರ್ಜಿಂಗ್ ಪಾಯಿಂಟ್‌ನಿಂದ ಗಾಡಿ 5 ಮೀಟರ್ ಒಳಗೆ ನಿಲ್ಲಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬಳಸುವ ಹಾಗೇ ಇಲ್ಲ. ಈಗ ಸ್ಕೂಟರಿಗೆ ಬಳಸುತ್ತಿದ್ದರೆ ಇವತ್ತೇ ತೆಗೆಯಿರಿ. ಪ್ರತಿ ಪಾಯಿಂಟಿಗೂ ಅದರದ್ದೇ ಸರ್ಕ್ಯೂಟ್ ಇರಬೇಕು, ಮೀಟರ್ ಬೋರ್ಡಿನಿಂದ ನೇರ ಬಂದ ವೈರ್, ಬೇರಾವುದೂ ಅದಕ್ಕೆ ಸೇರಬಾರದು. ನಿಮ್ಮ ದೂರಕ್ಕೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪ್ ಎಂಸಿಬಿ ಹಾಕಿಸಿ. ಯುಪಿಎಸ್ ಲೈನಿಗೆ ಈ ಪಾಯಿಂಟ್ ಅಪ್ಪಿತಪ್ಪಿಯೂ ಸೇರದಿರಲಿ. ಕರೆಂಟ್ ಹೋದ ತಕ್ಷಣ ಕಾರು ಯುಪಿಎಸ್ ಬ್ಯಾಟರಿಯನ್ನು ಹೀರಲು ಶುರು ಮಾಡುತ್ತದೆ.

ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್, ಕೊಳ್ಳುವಾಗ ಎರಡು ವಿಷಯ ನೋಡಿ. 30 ಮಿಲಿ ಆಂಪ್ ಇರಬೇಕು. ಮತ್ತು ಎ ಟೈಪ್ ಇರಬೇಕು. ಅಂಗಡಿಯಲ್ಲಿ ಕೇಳದೆ ಕೊಡುವುದು ಎಸಿ ಟೈಪ್, ಅದು ಅಗ್ಗ. ಗಾಡಿಯ ಎಲೆಕ್ಟ್ರಾನಿಕ್ಸ್‌ನಿಂದ ಸೋರುವ ಕರೆಂಟ್ ಸಾದಾ ಅಲೆಯ ಹಾಗೆ ಇರುವುದಿಲ್ಲ, ಎಸಿ ಟೈಪ್‌ಗೆ ಅದು ಕಾಣುವುದೇ ಇಲ್ಲ. ಗುರುತಿಸುವುದು ಸುಲಭ. ಎಸಿ ಟೈಪ್ ಮೇಲೆ ಒಂದೇ ಅಲೆಯ ಚಿತ್ರ ಇರುತ್ತದೆ. ಎ ಟೈಪ್‌ನಲ್ಲಿ ಆ ಅಲೆಯ ಕೆಳಗೆ ಸಣ್ಣ ಗುಡ್ಡಗಳ ಇನ್ನೊಂದು ಸಾಲು ಇರುತ್ತದೆ.

ಅರ್ಥಿಂಗ್ ಬಗ್ಗೆ ಯಾರೂ ಕೇಳುವುದಿಲ್ಲ, ನೀವೂ ಕೇಳಿಲ್ಲ. ಹೊಸ ಕಾರು ತಂದವರಿಂದ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇದೇ: "ಚಾರ್ಜ್ ಆಗ್ತಿಲ್ಲ, ಕೆಂಪು ಲೈಟ್ ಬರ್ತಿದೆ." ಫ್ರಿಜ್, ಟಿವಿಗೆ ಅರ್ಥಿಂಗ್ ಇಲ್ಲದಿದ್ದರೂ ಓಡುತ್ತವೆ. ಕಾರಿನ ಕೇಬಲ್ ಹಾಗಲ್ಲ. ಅರ್ಥ್ ಸರಿ ಇಲ್ಲ ಅಂದರೆ ಕರೆಂಟನ್ನೇ ಬಿಡುವುದಿಲ್ಲ. ಹಳೇ ಮನೆಗಳಲ್ಲಿ ಅರ್ಥ್ ವೈರನ್ನು ನೀರಿನ ಪೈಪಿಗೆ ಸುತ್ತಿರುತ್ತಾರೆ. ಕಬ್ಬಿಣದ ಪೈಪ್ ಇದ್ದಾಗ ಹೇಗೋ ನಡೆಯುತ್ತಿತ್ತು. ಈಗ ಪೈಪ್ ಪಿವಿಸಿ ಆಗಿದೆ, ವೈರ್ ಮಾತ್ರ ನಂಬಿಕೆಯಿಂದ ಸುತ್ತಿಕೊಂಡೇ ಇದೆ. ಇನ್ನು ನಮ್ಮ ಎರೆ ಮಣ್ಣು. ಮಳೆಗಾಲದಲ್ಲಿ ಒಳ್ಳೆಯ ಅರ್ಥ್ ಕೊಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಚಿತ್ರದುರ್ಗದ ಕಡೆ ಎರಡಡಿ ಅಗೆದರೆ ಬಂಡೆ, ಅಲ್ಲಿ ಇನ್ನೊಂದು ಕಥೆ. ಕಾರಿಗೆ ಬೇರೆ ಅರ್ಥ್ ಗುಂಡಿಯನ್ನೇ ತೆಗೆಸಿ. ಸುತ್ತ ಇದ್ದಿಲು ಉಪ್ಪು ತುಂಬಿಸಿ, ಮೇಲೆ ನೀರು ಹಾಕಲು ಬಾಯಿ ಬಿಡಿಸಿ. ಮಾರ್ಚ್‌ನಿಂದ ಮೇ ತನಕ ವಾರಕ್ಕೊಂದು ಕೊಡ ನೀರು ಸುರಿಯಿರಿ. ಕಂಟ್ರಾಕ್ಟರ್ ಹತ್ತಿರ ಅರ್ಥ್ ಟೆಸ್ಟರ್ ಇಲ್ಲದಿದ್ದರೆ, ಮೇಷ್ಟ್ರೇ, ಬೇರೆ ಕಂಟ್ರಾಕ್ಟರ್ ನೋಡಿ.

ಮೇಲಿನ ಮನೆ ಬಾಡಿಗೆಯವರು ನಾಳೆ ಸ್ಕೂಟರ್ ತಂದರೆ ಅವರ ಮೀಟರಿನಿಂದಲೇ ಒಂದು ಪಾಯಿಂಟ್ ಕೆಳಗಿಳಿಸಿ. ನಿಮ್ಮ ಮನೆಯ ಮೀಟರಿನಿಂದ ಕೊಟ್ಟು ತಿಂಗಳಿಗೆ ಇಷ್ಟು ಅಂತ ದುಡ್ಡು ತಗೊಳ್ಳಬೇಡಿ. ಯೂನಿಟ್ ಜಗಳ ಒಂದು ಕಡೆ, 200ರ ಗೆರೆ ಇನ್ನೊಂದು ಕಡೆ.

ಕೊನೆಗೆ ಹೊಳಲ್ಕೆರೆ ತೋಟ. ಪಂಪ್‌ಸೆಟ್ ಲೈನಿನಿಂದ ಬೇಡ. 10 ಹೆಚ್‌ಪಿ ತನಕದ ನೀರಾವರಿ ಪಂಪ್‌ಸೆಟ್‌ಗೆ ಸರ್ಕಾರ ಕರೆಂಟ್ ಉಚಿತವಾಗಿ ಕೊಡುತ್ತಿರುವುದು ನೀರೆತ್ತಲು. ಒಂದು ಉದ್ದೇಶಕ್ಕೆ ಕೊಟ್ಟ ಕರೆಂಟನ್ನು ಇನ್ನೊಂದಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಬರುತ್ತದೆ. ಅದರಲ್ಲಿ ಸರಿಯಾದ ದರದ ಎರಡರಷ್ಟು ಲೆಕ್ಕ ಹಾಕಿ ವಸೂಲಿ ಮಾಡುತ್ತಾರೆ. (ನಿಮ್ಮ ಗೃಹಜ್ಯೋತಿ ಮಿತಿಯೂ 126, ಸೆಕ್ಷನ್ನೂ 126. ನೆನಪಿಡಲು ಸುಲಭ.) ಕಾನೂನು ಬಿಡಿ, ಆ ಲೈನಿನ ಓಲ್ಟೇಜ್ ಏರಿಳಿತಕ್ಕೆ ಹೊಸ ಕಾರನ್ನು ಒಡ್ಡಲು ನನಗಂತೂ ಧೈರ್ಯ ಬರುವುದಿಲ್ಲ. ತೋಟದ ಮನೆಗೆ ಮನೆಯ ಕನೆಕ್ಷನ್ ಬೇರೆ ಇದ್ದರೆ ಅದರಿಂದ ಧಾರಾಳವಾಗಿ ಹಾಕಿ, ಲೋಡ್ ಮತ್ತು ಅರ್ಥಿಂಗ್ ಮಾತು ಅಲ್ಲಿಗೂ ಅದೇ. ಇಲ್ಲದಿದ್ದರೆ ಮನೆಯಿಂದಲೇ ತುಂಬಿಸಿಕೊಂಡು ಹೊರಡಿ. ಹೋಗಿಬರಲು ಆ ಬ್ಯಾಟರಿ ಸಾಕಾಗುತ್ತದೆ.

ಕಾರು ಯಾವಾಗ ಕೊಡುತ್ತಾರೆ ಅಂತ ನೀವು ಬರೆದಿಲ್ಲ. ಅದಕ್ಕೆ ಮೂರು ವಾರ ಮುಂಚೆ ಮೀಟರಿಗೆ ಅರ್ಜಿ ಹಾಕಿ. ಅರ್ಥ್ ಗುಂಡಿಯನ್ನಂತೂ ಈ ವಾರವೇ ತೆಗೆಸಿ. ಕಾರು ಬಂದು ಪೋರ್ಟಿಕೋದಲ್ಲಿ ನಿಂತ ಮೇಲೆ ಹಾರೆ ಆಡಿಸಲು ಜಾಗ ಇರುವುದಿಲ್ಲ.